ವಿಷವಿಲ್ಲದ ಛರ್ರಾ

"ಎತ್ತಲೇ ಕೈ! ಎತ್ತತಿಯೋ, ಇಲ್ಲಾ ಒದೀಲ್ಯೋ, ಸೂಳಿಮಗನ!"

ಮಾಳೇಶ ಎತ್ತಲು ನೋಡಿದ. ತೋಳು ಎದ್ದಿತು. ಮಣಿಕಟ್ಟಿನಿಂದಾಚೆ ಅಂಗೈ ಮಾತ್ರ ಬಾಡಿದ ಎಲೆಯ ಹಾಗೆ ಜೋತುಬಿತ್ತು. ಹಿಡಿದಿದ್ದ ಇಕ್ಕಳ ಜಾರಿ ನೆಲದ ಮೇಲೆ ಠಣ್ಣೆಂದಿತು.

"ಬೇಕಂತ ಮಾಡಾಕತ್ತಿಲ್ಲರಿ ಸಾವಕಾರ್ರ. ಕೈ ನನ್ನ ಮಾತ ಕೇಳವಲ್ದು."

"ಕುಡದ್ರ ಯಾವನ ಕೈ ಮಾತ ಕೇಳತೈತಿ?" ಕಾರ್ಖಾನೆಯ ಮಾಲೀಕ ಬಾಬಾಸಾಹೇಬ ಇಕ್ಕಳವನ್ನು ಬೂಟಿನಿಂದ ಒದ್ದ.

ಪಕ್ಕದ ಶೆಡ್ಡಿನಲ್ಲಿ ಛರ್ರಾ ಆರಿಸುತ್ತಿದ್ದ ಸತ್ತೆವ್ವ ಎದ್ದು ಓಡಿಬಂದಳು. "ನಮ್ಮ ಮನ್ಯಾವ್ರು ಕುಡ್ಯಾಂಗಿಲ್ಲರಿ. ಕೊಳ್ಳಾಗ ತುಳಸಿಮಾಲಿ ಐತಿ, ನೋಡ್ರಿ. ವರ್ಷಾ ಪಂಢರಪುರಕ್ಕ ನಡಕೋತ ಹೋಗತಾರ."

"ಮಾಲಿ ಹಾಕ್ಕೊಂಡ ಕುಡ್ಯಾವ್ರನ್ನ ಬಾಳ ಮಂದಿ ನೋಡೇನಿ. ಏ ಸಂಭಾಜಿ, ಇವನ್ನ ಗೇಟಿನ ಹೊರಗ ಹಾಕ. ಗಂಗಾನ್ನ ಕೊಪ್ಪರಗಿಗೆ ಹಚ್ಚ. ಇಕಿಗೂ ಹೇಳ, ದುಡಿಯೂದಿದ್ರ ಬಾಯಿ ಮುಚಗೊಂಡ ದುಡಿ ಅಂತ."

ಆಳುಗಳ ಮೇಲಿನ ಮುಕಾದಮ ಸಂಭಾಜಿ ಮಾಳೇಶನ ರಟ್ಟೆ ಹಿಡಿದು ಎಳೆದೊಯ್ದ.

ಕಬ್ಬೂರ ದಾಟಿ ಕಬ್ಬಿನ ಹೊಲಗಳ ನಡುವೆ ಎರಡು ತಗಡಿನ ಶೆಡ್ಡು. ಶಿಕಾರಿ ಬಂದೂಕಿನ ತೋಟಾದೊಳಗೆ ತುಂಬುವ, ಮೆಣಸಿನಕಾಳಿನಷ್ಟು ದಪ್ಪದ ಕಬ್ಬಿಣದ ಗುಂಡು ಇಲ್ಲಿ ತಯಾರಾಗುತ್ತಿತ್ತು. ಅದಕ್ಕೆ ಎಲ್ಲರೂ ಛರ್ರಾ ಅನ್ನುತ್ತಿದ್ದರು. ಕಬ್ಬಿಣದ ತಂತಿ ಮೆತ್ತಗಾಗಲಿ ಎಂದು ಮೊದಲು ಅದನ್ನು ಕುದಿಯುವ ಸೀಸದ ಕೊಪ್ಪರಿಗೆಯೊಳಗಿನಿಂದ ಎಳೆಯುತ್ತಿದ್ದರು. ಆ ಕೊಪ್ಪರಿಗೆಯ ಮುಂದೆ ಮಾಳೇಶ ನಾಲ್ಕು ವರ್ಷ ನಿಂತಿದ್ದ. ಆಮೇಲೆ ಯಂತ್ರ ತಂತಿಯನ್ನು ತುಂಡರಿಸಿ, ಉಜ್ಜಿ ದುಂಡಗೆ ಮಾಡುತ್ತಿತ್ತು. ಕೊನೆಗೆ ಸತ್ತೆವ್ವ ಮತ್ತು ಆರು ಹೆಂಗಸರು ಅವನ್ನು ಓರೆಯಾಗಿಟ್ಟ ಗಾಜಿನ ಮೇಲೆ ಉರುಳಿಸುತ್ತಿದ್ದರು. ದುಂಡಗಿದ್ದದ್ದು ಓಡುತ್ತಿತ್ತು, ಸೊಟ್ಟಗಿದ್ದದ್ದು ನಿಂತಲ್ಲೇ ನಿಲ್ಲುತ್ತಿತ್ತು.

ಛರ್ರಾ ತುಂಬುವ ಡಬ್ಬಿಯ ಮೇಲೆ ಹಾರುವ ಬಾತುಕೋಳಿಯ ಚಿತ್ರ. ಅದು ಯಾಕೆಂದು ಸತ್ತೆವ್ವ ಒಮ್ಮೆ ಕೇಳಿದಾಗ ಸಂಭಾಜಿ ದೊಡ್ಡ ಮೇಷ್ಟ್ರ ಹಾಗೆ ವಿವರಿಸಿದ್ದ.

"ಹೊರದೇಶದಾಗ ಶಿಕಾರಿ ಮಂದಿ ಹೊಡದ ಸೀಸದ ಛರ್ರಾ ಕೆರ್ಯಾಗ ಬೀಳತಾವ. ಬಾತುಕೋಳಿ ಅವನ್ನ ಕಾಳಂತ ನುಂಗತಾವ. ನುಂಗಿದ್ರ ರೆಕ್ಕಿ ಜೋತ ಬಿದ್ದು ಸಾಯತಾವ. ಅದಕ್ಕ ಅಲ್ಲಿ ಸೀಸ ಬಂದ್. ನಮ್ಮದು ಪೂರಾ ಕಬ್ಬಿಣ, ವಿಷ ಇಲ್ಲ."

"ಅಲ್ಲೋ, ಇದೂ ಬಾತುಕೋಳಿ ಹೊಡ್ಯಾಕ ಅಲ್ಲೇನ?"

"ಹೌದ. ಹೊಡದ ಕೊಂದ್ರ ನಡೀತೈತಿ. ವಿಷ ತಿಂದ ಸಾಯಬಾರದು."

ಆವತ್ತು ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕಿದ್ದರು.

ಈಗ ಸತ್ತೆವ್ವ ಗಂಡನ ಬಾಯಿಗೆ ರೊಟ್ಟಿ ಮುರಿದಿಡುತ್ತಿದ್ದಳು. ಅವನ ಧೋತರ ಅವಳೇ ಉಡಿಸಬೇಕು. ಹೊಟ್ಟೆ ನುಲಿದು ಬಂದಾಗ ಅವನು ಮೊಣಕಾಲು ಎದೆಗೆ ಕೊಟ್ಟು ಮಲಗುತ್ತಿದ್ದ. ಚಿಕ್ಕೋಡಿಯ ಡಾಕ್ಟರರು ಅವನ ತುಟಿ ಮಡಚಿ, ವಸಡಿನ ಮೇಲಿದ್ದ ನೀಲಿ ಗೆರೆ ನೋಡಿ, ರಕ್ತವನ್ನು ಬೆಳಗಾವಿಗೆ ಕಳಿಸಿದರು. ವಾರದ ಮೇಲೆ ಕಾಗದ ಬಂತು. ರಕ್ತದಲ್ಲಿ ಸೀಸ.

ಅವಳು ಆ ಕಾಗದ ಹಿಡಿದು ಬಾಬಾಸಾಹೇಬನ ಖೋಲಿಗೆ ಹೋದಳು. ಅವನು ಓದಲಿಲ್ಲ. ಮೇಜಿನ ಮೇಲಿದ್ದ ಡಬ್ಬಿ ಎತ್ತಿ ಅವಳ ಮುಖದ ಮುಂದೆ ಹಿಡಿದ.

"ಏನ ಬರದಾರ ಗೊತ್ತೈತೇನ? ಸೀಸ ಇಲ್ಲ ಅಂತ ಬರದಾರ. ಸೀಸ ಇಲ್ಲದ ಮಾಲ ಮಾಡೂ ಕಾರಖಾನಿಯಾಗ ನಿನ್ನ ಗಂಡಗ ಸೀಸ ಎಲ್ಲಿಂದ ಬಂತ? ತವರಮನಿಯಿಂದ ತಂದ್ಯಾ?"

"ಕೊಪ್ಪರಗಿಯೊಳಗ ಕುದಿಯೂದ ಏನರಿ ಮತ್ತ?"

"ಏ, ಕುರಿ ಹಿಂದ ಹಿಕ್ಕಿ ತುಳಕೋತ ತಿರಗೂ ಜಾತಿ! ಬೂಟ ಕೊಟ್ಟೆ, ಮ್ಯಾಲ ತಗಡ ಕೊಟ್ಟೆ, ಈಗ ನನಗ ಶ್ಯಾಣ್ಯಾತನ ಕಲಸ್ತಿ? ನಡಿ ಹೊರಗ."

ಕಾಗದ ಹರಿದು ಬುಟ್ಟಿಗೆ ಬಿತ್ತು. ಸತ್ತೆವ್ವ ಹೊರಗೆ ಬಂದಾಗ ಕೊಪ್ಪರಿಗೆಯ ಮುಂದೆ ಗಂಗಾ ನಿಂತಿದ್ದಳು. ಇಪ್ಪತ್ತೆರಡರ ಹುಡುಗಿ, ಐದು ತಿಂಗಳ ಬಸುರಿ. ಮೂಗಿಗೆ ಹಳೆಯ ಟವೆಲ್ ಸುತ್ತಿಕೊಂಡು, ಮಾಳೇಶ ಹಿಡಿಯುತ್ತಿದ್ದ ಇಕ್ಕಳವನ್ನೇ ಹಿಡಿದಿದ್ದಳು.

"ಯಕ್ಕಾ, ಬಾಯಿ ಸಿಹಿ ಸಿಹಿ ಆಗತೈತಿ," ಎಂದಳು.

ಮಾಳೇಶನೂ ಮೊದಮೊದಲು ಹಾಗೇ ಅನ್ನುತ್ತಿದ್ದ.

ಮುಂದಿನ ಸೋಮವಾರ ಮಾಲು ಕೊಳ್ಳುವ ಕಂಪನಿಯಿಂದ ಒಬ್ಬ ಬಿಳಿಯ ಬಂದ. ಬೆಳಿಗ್ಗೆಯೇ ಎಲ್ಲರಿಗೂ ಹೊಸ ಮಾಸ್ಕು ಹಂಚಿದ್ದರು. ಸಂಭಾಜಿ ಕೊಪ್ಪರಿಗೆಯ ಶೆಡ್ಡಿನ ಬಾಗಿಲಿಗೆ ಹಸಿರು ಪರದೆ ಎಳೆದಿದ್ದ. ಬಾಬಾಸಾಹೇಬನ ಮಗಳು ಉಜ್ವಲಾ ಇಂಗ್ಲಿಷಿನಲ್ಲಿ ಮಾತಾಡುತ್ತ ಜೊತೆಗಿದ್ದಳು. ಬಿಳಿಯನ ಕೈಯಲ್ಲಿ ಸೀಸ ಅಳೆಯುವ, ಪಿಸ್ತೂಲಿನಂಥ ಒಂದು ಯಂತ್ರ. ಅದರ ಮೂತಿಯನ್ನು ಛರ್ರಾದ ತಟ್ಟೆಗೆ ಒತ್ತಿ ಹಿಡಿದ.

"ಸೀಸ ಸೊನ್ನಿ!" ಉಜ್ವಲಾ ಕೂಗಿದಳು. ಬಾಬಾಸಾಹೇಬ ಚಪ್ಪಾಳೆ ತಟ್ಟಿದ.

ಸತ್ತೆವ್ವ ಮೂರನೆಯ ಇಯತ್ತೆ ಓದಿದವಳು, ಯಂತ್ರದ ಬೆನ್ನಿನ ಮೇಲೆ ಮೂಡುವ ಅಂಕಿ ಓದಲು ಬರುತ್ತಿತ್ತು. ಪರದೆ ಸರಿಸಿ ಒಳಗೆ ಹೋದಳು. ಗಂಗಾನ ಟವೆಲ್ ಮೊಳೆಗೆ ನೇತುಬಿದ್ದಿತ್ತು. ತಂದು ತಟ್ಟೆಯ ಪಕ್ಕ ಹರವಿದಳು.

"ಇದನ್ನೂ ನೋಡ್ರಿ ಸಾಹೇಬ್ರ."

"ಏ ಬೇ, ಹುಚ್ಚ ಹಿಡದೈತೇನ!" ಸಂಭಾಜಿ ಮುಂದೆ ಬರುವಷ್ಟರಲ್ಲಿ ಬಿಳಿಯ ಟವೆಲ್ ಎಳೆದು ಸರಿಮಾಡಿ ಅದರ ಮೇಲೆ ಯಂತ್ರ ಇಟ್ಟಿದ್ದ. ಅಂಕಿ ಓಡತೊಡಗಿತು. ನೂರು ದಾಟಿತು, ಸಾವಿರ ದಾಟಿತು, ಇನ್ನೂ ಓಡಿತು.

ಬಿಳಿಯ ಉಜ್ವಲಾಳನ್ನು ಏನೋ ಕೇಳಿದ. ಅವಳು ಏನೋ ಉತ್ತರ ಕೊಟ್ಟು, ಹೆಂಗಸರ ಕಡೆ ತಿರುಗಿ ಹೇಳಿದಳು: "ಅವ್ರು ನೋಡೂದು ಛರ್ರಾ ಅಷ್ಟ. ಛರ್ರಾ ಪಾಸಾಗೇತಿ. ಕೆಲಸಕ್ಕ ನಡೀರಿ."

ಬಿಳಿಯ ಯಂತ್ರ ಆರಿಸಿದ. ಟವೆಲ್ ಮುಟ್ಟಿದ ತನ್ನ ಬೆರಳು ನೋಡಿಕೊಂಡ. ನಳದ ಹತ್ತಿರ ಹೋಗಿ ಸಾಬೂನು ಹಚ್ಚಿ ತೊಳೆದ. ತೊಳೆದು, ಮತ್ತೆ ಹಚ್ಚಿ, ಉಗುರುಸಂದಿಯನ್ನೂ ಬಿಡದೆ ತಿಕ್ಕಿದ. ಏಳು ಹೆಂಗಸರು ನಿಂತು ನೋಡಿದರು. ಅವನು ಕಾರು ಹತ್ತಿ ಹೋದ.

"ಹಲ್ಕಟ್ ರಂಡೆ!" ಬಾಬಾಸಾಹೇಬನ ಧ್ವನಿ ಸೀಳಿತ್ತು. "ನಾಳಿಂದ ಗೇಟಿನ್ಯಾಗ ಕಾಲಿಟ್ಟಿ ಅಂದ್ರ ಮುರಸ್ತೇನಿ."

"ನಾಳಿ ಬರಾಂಗಿಲ್ಲರಿ. ಇವತ್ತ ಇಲ್ಲೇ ಅದೇನಿ."

ಸತ್ತೆವ್ವ ನೆಟ್ಟಗೆ ಕೊಪ್ಪರಿಗೆಗೆ ಹೋಗಿ ಕೆಳಗಿನ ಒಲೆಯ ಎಣ್ಣೆಯ ತಿರುಪು ತಿರುಗಿಸಿದಳು. ಬುಸುಗುಟ್ಟುತ್ತಿದ್ದ ಉರಿ ಒಮ್ಮೆ ಏದುಸಿರು ಬಿಟ್ಟು ಆರಿತು. ಅವಳು ತಿರುಪಿಗೆ ಬೆನ್ನು ಕೊಟ್ಟು ಕೂತಳು.

"ಏಳ ಬೇ! ಸೀಸ ಹೆಪ್ಪುಗಟ್ಟಿ ತಂತಿ ಹಿಡಕೋತೈತಿ!" ಸಂಭಾಜಿ ಅವಳ ಜಡೆಗೆ ಕೈ ಹಾಕಿದ.

ಮಾಸ್ಕು ಕಿತ್ತೆಸೆದು ಬಂದ ಗಂಗಾ, ಹೊಟ್ಟೆ ಹಿಡಿದುಕೊಂಡು ಸತ್ತೆವ್ವನ ಮಗ್ಗುಲಿಗೆ ಕೂತಳು. ಆಚೆ ಮಗ್ಗುಲಿಗೆ ಮುದುಕಿ ಹೊಳೆವ್ವ ಬಂದಳು. "ಬಿಡಲೇ ಜಡಿ. ಬಸರಿಯನ್ನ ಮುಟ್ಟಿ ನೋಡ, ನಿನ್ನ ಕೈ ಕಚ್ಚಿ ತುಂಡ ಮಾಡ್ತೇನಿ." ಉಳಿದ ನಾಲ್ವರೂ ಬಂದು ಕೂತರು. ಸಂಭಾಜಿ ಜಡೆ ಬಿಟ್ಟ. ಬಾಬಾಸಾಹೇಬ ಹೊರಗೆ ಹೋಗಿ ಪೊಲೀಸರಿಗೆ ಫೋನು ಹಚ್ಚಿದ.

ಎರಡು ತಾಸು ಕಳೆಯಿತು. ಕೊಪ್ಪರಿಗೆಯ ಅಂಚಿನಿಂದ ಬೂದು ಕೆನೆ ಕಟ್ಟುತ್ತ ನಡುವಿಗೆ ಬಂತು. ಆರಿಸಲು ಯಾರಿಗೂ ನೆನಪಾಗದ ಮೋಟಾರು ತಂತಿಯನ್ನು ಜಗ್ಗಿತು. ತಂತಿ ಬಿಗಿಯಿತು, ಕೊಸರಿತು, ಫಟ್ಟೆಂದು ಹರಿದು ತಗಡಿಗೆ ಬಡಿಯಿತು. ಹೊರಗೆ ಜೀಪು ನಿಂತ ಸದ್ದಾಯಿತು.

ಯಾರೂ ಏಳಲಿಲ್ಲ.