ಹಾಡು ಹಾಕು

"ಹಾಡು ಹಾಕು," ಅಂದ ಅಪ್ಪ ಮೈಕನ್ನು ಮಗನ ತೊಡೆಯ ಮೇಲೆ ಎಸೆದು, ಗಾಡಿ ಪೂರ್ತಿ ನಿಲ್ಲುವ ಮೊದಲೇ ಇಳಿದು ಗೋದಾಮಿನ ಗೋಡೆಯ ಹಿಂದಕ್ಕೆ ಓಡಿದ.

ಮಗ ಹಾಡು ಹಾಕಿದ. ಹಾಡು ಅಂದರೆ ಹಾಡಲ್ಲ, ಬರೀ ವಾದ್ಯ. ಒಂದು ಪ್ರಚಾರಕ್ಕೂ ಇನ್ನೊಂದಕ್ಕೂ ನಡುವೆ ಜನ ಕಿವಿ ನಿಮಿರಿಸಲಿ ಅಂತ ಇಟ್ಟುಕೊಂಡದ್ದು. ಒಂದು ವರ್ಷದಿಂದ ಅದರ ಕೆಲಸವೇ ಬೇರೆಯಾಗಿತ್ತು. ಅಪ್ಪ ಗೋಡೆಯ ಹಿಂದೆ ನಿಂತು ತಿಣುಕುತ್ತಿರುವಾಗ, ಗಾಡಿ ಯಾಕೆ ನಿಂತಿದೆ ಅಂತ ಯಾರೂ ಕೇಳಬಾರದು. ಮೊದಮೊದಲು ಹಾಡಿನ ಶುರುವಿನ ತುತ್ತೂರಿ ಮುಗಿಯುವುದರೊಳಗೆ ಬಂದುಬಿಡುತ್ತಿದ್ದ. ಈಗ ಹಾಡು ಪೂರ್ತಿ ಮುಗಿದು ಮತ್ತೆ ಮೊದಲಿಂದ ಶುರುವಾದರೂ ಆಸಾಮಿಯ ಪತ್ತೆ ಇರುತ್ತಿರಲಿಲ್ಲ.

ಊರು ಅಪ್ಪನನ್ನು ಗಂಟ್ಲಣ್ಣ ಅಂತ ಕರೆಯುತ್ತಿತ್ತು. ಮೂರು ಗಾಲಿಯ ಗಾಡಿ, ನೆತ್ತಿಯ ಮೇಲೆ ಎರಡು ಕಹಳೆಯ ಸ್ಪೀಕರ್, ಒಳಗೆ ಮೈಕು ಹಿಡಿದ ಗಂಟ್ಲಣ್ಣ, ಹ್ಯಾಂಡಲ್ ಹಿಡಿದ ಮಗ. ಚಪ್ಪಲಿ ಅಂಗಡಿಯ ರಿಯಾಯಿತಿ, ಕಳೆದುಹೋದ ಮೇಕೆ, ನಾಳೆ ನೀರು ಬರಲ್ಲ, ಇಂಥವರು ತೀರಿಕೊಂಡರು, ಎಲ್ಲವೂ ಆ ಗಂಟಲಿನಿಂದಲೇ ಊರಿಗೆ ತಿಳಿಯಬೇಕು. ಒಳಚಡ್ಡಿ ಒಂದು ಕೊಂಡರೆ ಒಂದು ಫ್ರೀ ಅಂತ ಹೆಣ್ಣುಮಕ್ಕಳ ಶಾಲೆಯ ಮುಂದೆಯೇ ನಾಚಿಕೆಯಿಲ್ಲದೆ ಕೂಗಿದ ಗಂಟಲು ಅದು.

ಆದರೆ ಇವತ್ತು ಬೆಳಗಿನಿಂದ ಅದು ಬರೀ ಸುಳ್ಳು ಹೇಳುತ್ತಿತ್ತು.

ಆಸ್ಪತ್ರೆಯವರು ಕೊಟ್ಟ ಚೀಟಿ ಮೀಟರಿನ ಸಂದಿಯಲ್ಲೇ ಸಿಕ್ಕಿಸಿತ್ತು. ಮಗ ಎಂಟನೇ ಕ್ಲಾಸಿಗೇ ಶಾಲೆಗೆ ಕೈ ಮುಗಿದವನು, ಆದರೂ ಓದಲು ಬರದವನಲ್ಲ. ಪ್ರಾಸ್ಟೇಟ್ ಕ್ಯಾನ್ಸರ್ ತಪಾಸಣೆ, ಉಚಿತ. ಐವತ್ತು ದಾಟಿದ ಗಂಡಸರು ಬನ್ನಿ. ಅಪ್ಪನಿಗೋ ಅಣ್ಣತಮ್ಮಂದಿರಿಗೋ ಬಂದಿದ್ದರೆ ಇನ್ನೂ ಮೊದಲೇ ಬನ್ನಿ. ಮೂತ್ರಕ್ಕೆ ಪದೇ ಪದೇ ಏಳುವವರು, ಧಾರೆ ಸಣ್ಣಗಾದವರು, ರಕ್ತ ಕಂಡವರು ಬನ್ನಿ. ಏನೂ ತೊಂದರೆ ಇಲ್ಲದವರೂ ಬನ್ನಿ. ಬರೆದದ್ದು ಇಷ್ಟು. ಅಪ್ಪ ಕೂಗುತ್ತಿದ್ದದ್ದು, "ನಾಳೆ ಶಾಲೆಯ ಹಾಲಿನಲ್ಲಿ ಉಚಿತ ಆರೋಗ್ಯ ತಪಾಸಣೆ! ಕುಟುಂಬ ಸಮೇತರಾಗಿ ಬನ್ನಿ!"

ಅಪ್ಪ ಪ್ಯಾಂಟು ಸರಿಮಾಡಿಕೊಳ್ಳುತ್ತ ಬಂದು ಕೂತ. ಹಣೆಯ ಮೇಲೆ ಬೆವರು.

"ಚೀಟಿಲಿ ಹಂಗೆ ಬರೆದಿಲ್ಲ," ಅಂದ ಮಗ.

"ಹೆಂಗಸರು ಮಕ್ಕಳು ಓಡಾಡೋ ಬೀದಿ ಕಣೋ. ಉಚ್ಚೆ ವಿಷ್ಯ ಮೈಕಲ್ಲಿ ಹೇಳಕ್ಕಾಗತ್ತಾ? ನಡಿ, ನಡಿ."

ಮಗನಿಗೆ ಮೈಯೆಲ್ಲ ಉರಿದುಹೋಯಿತು. ಗೇರು ಹಾಕಿದ ರಭಸಕ್ಕೆ ಗಾಡಿ ಕುದುರೆಯ ಹಾಗೆ ಎಗರಿತು.

ಅವನ ಸಿಟ್ಟು ಇವತ್ತಿನದಲ್ಲ. ಹೋದ ವರ್ಷ ದೊಡ್ಡಪ್ಪ ಸತ್ತಾಗಿನದು. ದೊಡ್ಡಪ್ಪ ಟೈಲರ್. ಬೆನ್ನುನೋವು, ಬೆನ್ನುನೋವು ಅಂತ ಎಣ್ಣೆ ತಿಕ್ಕಿಸಿಕೊಂಡೇ ಎರಡು ವರ್ಷ ಕಳೆದ. ಮಷೀನಿನ ಮುಂದೆ ಬಗ್ಗಿ ಕೂತವರಿಗೆ ಬೆನ್ನುನೋವು ಬರದೆ ಇನ್ನೇನು ಅಂತ ಎಲ್ಲರೂ ನಂಬಿದರು. ರಕ್ತ ಹೋಗುತ್ತಿದ್ದದ್ದನ್ನು ಹೆಂಡತಿಗೂ ಹೇಳಿರಲಿಲ್ಲ. ಆಸ್ಪತ್ರೆಗೆ ಹೊತ್ತುಕೊಂಡು ಹೋಗುವ ಹೊತ್ತಿಗೆ ಕ್ಯಾನ್ಸರ್ ಸೊಂಟದ ಕೆಳಗಿನಿಂದ ಹೊರಟು ಮೂಳೆಯೊಳಗೆಲ್ಲ ಮನೆ ಮಾಡಿತ್ತು. ಒಡಹುಟ್ಟಿದವನ ಸಾವನ್ನು ಅಪ್ಪನೇ ಊರಿಗೆಲ್ಲ ಸಾರಿದ. ಅಳು ನುಂಗಿ, ಒಂದಕ್ಷರ ತಡವರಿಸದೆ ಸಾರಿದ. ಏನಂತ? ಅಲ್ಪಕಾಲದ ಅನಾರೋಗ್ಯದಿಂದ. ಎರಡು ವರ್ಷ ನರಳಿದ್ದು ಅಲ್ಪಕಾಲ! ಆವತ್ತೇ ಮೈಕು ಕಿತ್ತುಕೊಳ್ಳಬೇಕಿತ್ತು ಅಂತ ಮಗನಿಗೆ ಈಗಲೂ ಅನಿಸುತ್ತದೆ.

ಅದಾದ ಮೇಲೆ ಅಪ್ಪನಿಗೂ ಶುರುವಾಯಿತು. ತೋರಿಸಿಕೋ ಅಂದರೆ ವಯಸ್ಸು ಅಂದ. ಮತ್ತೆ ಅಂದರೆ ಉಷ್ಣ ಅಂದ. ಮೂರನೇ ಸಲಕ್ಕೆ ನೀರು ಕುಡಿಯುವುದನ್ನೇ ಬಿಟ್ಟ. ಇಡೀ ದಿನ ಕೂಗುವವನು, ತುಟಿ ಒಣಗಿ ಸಿಪ್ಪೆ ಏಳುತ್ತಿದ್ದರೂ ಒಂದು ಗುಟುಕು ಇಳಿಸುತ್ತಿರಲಿಲ್ಲ.

ಭಾನುವಾರ ಶಾಲೆಯ ಹಾಲಿನ ಮುಂದೆ ಗಂಟ್ಲಣ್ಣನ ಗಂಟಲಿಗೆ ಊರು ಎಷ್ಟು ಮರ್ಯಾದೆ ಕೊಡುತ್ತದೆ ಅಂತ ಗೊತ್ತಾಯಿತು. ಮಂಡಿನೋವಿನ ಅಜ್ಜಿಯರು, ಹಲ್ಲುನೋವಿನ ಮಕ್ಕಳು, ಕೂದಲು ಉದುರುತ್ತದೆ ಅಂತ ಬಂದ ಮದುವೆಯಾಗದ ಹುಡುಗಿ. ಒಬ್ಬಳಂತೂ ಕುಟುಂಬ ಸಮೇತ ಅಂದಿದ್ದೀರಲ್ಲ ಅಂತ ಕೆಮ್ಮುವ ನಾಯಿಯನ್ನೂ ಕರೆತಂದಿದ್ದಳು. ಐವತ್ತು ದಾಟಿದ ಗಂಡಸರು ಮಾತ್ರ ಇಲ್ಲ.

ಶಿಬಿರದ ನರ್ಸಮ್ಮ ಹೊರಗೆ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತಳು. ಬೆಳಗಿನಿಂದ ಒಬ್ಬನೇ ಒಬ್ಬ ಗಂಡಸು ಬಂದನಂತೆ, ಅವನೂ ಕನ್ನಡಕಕ್ಕೆ. ಡಾಕ್ಟರು ಸಂಜೆಗೆ ಹೊರಟುಬಿಡುತ್ತಾರೆ, ಮತ್ತೆ ಈ ಕಡೆ ಯಾವಾಗ ಬರುತ್ತಾರೋ ಅಂದಳು. ಪದೇ ಪದೇ ಏಳೋದೆಲ್ಲ ಕ್ಯಾನ್ಸರ್ ಅಲ್ಲ, ಎಷ್ಟೋ ಜನಕ್ಕೆ ಬರೀ ಊತ, ಮಾತ್ರೆಗೆ ಕೇಳುತ್ತದೆ. ಕ್ಯಾನ್ಸರೇ ಆದರೂ ಬೇಗ ಸಿಕ್ಕರೆ ವಾಸಿಯಾಗುತ್ತದೆ. ಆದರೆ ಶುರುವಿನಲ್ಲಿ ಅದು ಸದ್ದೇ ಮಾಡಲ್ಲ, ಹುಡುಕಿಯೇ ಹಿಡಿಯಬೇಕು. ಇಷ್ಟನ್ನು ಹೇಳಿ ಅವಳು ಅಪ್ಪನ ಕಡೆ ತಿರುಗಿದಳು.

"ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಕೂಗಿದ್ರೆ ಯಾರು ಬರ್ತಾರಣ್ಣ?"

ಅಪ್ಪ ಚಪ್ಪಲಿಯ ತುದಿ ನೋಡುತ್ತ ನಿಂತ. ಇಷ್ಟು ವರ್ಷದಲ್ಲಿ ಅವನ ಕೂಗು ತಪ್ಪಾಯಿತು ಅಂತ ಹೇಳಿದವರು ಯಾರೂ ಇರಲಿಲ್ಲ. ಗಾಡಿಗೆ ಬಂದು ಕೂತವನು ಮೈಕನ್ನು ಮುಟ್ಟಲಿಲ್ಲ.

ಮಗ ಮುಟ್ಟಿದ. ಮಾರುಕಟ್ಟೆಯ ಚೌಕದ ನಟ್ಟನಡುವೆ, ಕ್ಷೌರದಂಗಡಿಯ ಮುಂದೆ ಗಾಡಿ ನಿಲ್ಲಿಸಿ ಮೈಕು ಬಾಯಿಗೆ ಹಿಡಿದ. ಪ್ರಾಸ್ಟೇಟ್ ಅನ್ನುವುದು ನಾಲಿಗೆಗೆ ತೊಡರಿತು. ಮತ್ತೆ ಹೇಳಿದ, ಮತ್ತೆ ತೊಡರಿತು. ಉಚ್ಚೆ ಅಂದ. ರಕ್ತ ಅಂದ. ಕ್ಷೌರದಂಗಡಿಯ ಬೆಂಚಿನ ಮೇಲಿದ್ದವರು ಕಿಸಕ್ಕನೆ ನಕ್ಕರು. ನಕ್ಕದ್ದೇ ತಡ, ಅವನೊಳಗೆ ವರ್ಷದಿಂದ ಬೂದಿ ಮುಚ್ಚಿಕೊಂಡಿದ್ದ ಕೆಂಡ ಹೊರಬಿತ್ತು.

"ನಗ್ರೀ, ನಗ್ರೀ. ನಮ್ ದೊಡ್ಡಪ್ಪನೂ ಹಿಂಗೇ ನಗ್ತಿದ್ದ. ಅವನು ಬೆನ್ನುನೋವಿಂದ ಸಾಯ್ಲಿಲ್ಲ, ನಾಚಿಕೆಯಿಂದ ಸತ್ತ. ನಿಮ್ ಪ್ಯಾಂಟೆಲ್ಲ ಹೊಲಿದುಕೊಟ್ಟೋನು, ತನ್ನ ಪ್ಯಾಂಟು ಬಿಚ್ಚಿ ಡಾಕ್ಟ್ರಿಗೆ ತೋರಿಸಕ್ಕಾಗ್ದೆ ಸತ್ತ."

ನಗು ನಿಂತಿತು. ಕತ್ತರಿಯ ಸದ್ದೂ ನಿಂತಿತು. ಕಹಳೆಯೊಳಗಿಂದ ಮಗನ ಏದುಸಿರು ಮಾತ್ರ ಇಡೀ ಚೌಕಕ್ಕೆ ಕೇಳುತ್ತಿತ್ತು. ಅಪ್ಪನ ಕಡೆ ನೋಡಲು ಧೈರ್ಯ ಸಾಲಲಿಲ್ಲ. ಸತ್ತವನ ಮಾನ ಬೀದಿಗೆ ಹಾಕಿದೆಯಲ್ಲೋ ಅಂತ ಕೆನ್ನೆಗೆ ಬಿಗಿಯುತ್ತಾನೆ, ಬಿಗಿಯಲಿ ಅಂದುಕೊಂಡ.

ಅಪ್ಪ ಕೈ ಚಾಚಿದ್ದು ಕೆನ್ನೆಗಲ್ಲ, ಮೈಕಿಗೆ.

"ಉಸಿರು ಎಲ್ಲಿ ನಿಲ್ಲಿಸಬೇಕು ಅಂತ್ಲೇ ಗೊತ್ತಿಲ್ಲ ನಿಂಗೆ. ಕೊಡಿಲ್ಲಿ."

ಸೀಟಿನ ಕೆಳಗಿದ್ದ ಬಾಟಲಿ ತೆಗೆದು ಗಟಗಟ ನೀರು ಕುಡಿದ. ಬಾಯಿ ಒರೆಸಿಕೊಂಡ. ಆಮೇಲೆ ಶುರುಮಾಡಿದ. ಸಾವು ಸಾರುವ ದನಿಯಲ್ಲ, ರಿಯಾಯಿತಿ ಸಾರುವ ದನಿಯೂ ಅಲ್ಲ. ಚೀಟಿಯಲ್ಲಿದ್ದ ಒಂದೊಂದು ಮಾತನ್ನೂ ಬಿಡಿಸಿ ಬಿಡಿಸಿ, ಕಿವುಡರಿಗೂ ಕೇಳುವ ಹಾಗೆ ಹೇಳಿದ. ಪ್ರಾಸ್ಟೇಟ್ ಅನ್ನುವುದು ಅವನ ಬಾಯಲ್ಲಿ ನೆಂಟರ ಮನೆಯ ಹೆಸರಿನ ಹಾಗೆ ಸಲೀಸಾಗಿ ಬಂತು. ಚೀಟಿ ಮುಗಿದ ಮೇಲೂ ಮೈಕು ಇಳಿಸಲಿಲ್ಲ.

"ರಾತ್ರಿಯಿಡೀ ಎದ್ದೆದ್ದು ಓಡೋರು ನೀವೊಬ್ರೇ ಅಲ್ಲ. ನಾನೂ ಏಳ್ತೀನಿ. ಹಾಡು ಹಾಕಿಸಿ ಗೋಡೆ ಹಿಂದೆ ಹೋಗ್ತೀನಿ."

"ಗೊತ್ತು ಬಿಡು ಗಂಟ್ಲಣ್ಣ," ಅಂದ ಕ್ಷೌರಿಕ, ಬಾಚಣಿಗೆ ಒರೆಸುತ್ತ. "ಹಾಡು ಬಂತು ಅಂದ್ರೆ ನೀನು ಗೋಡೆ ಹಿಂದೆ ಅಂತ ಊರಿಗೇ ಗೊತ್ತು. ಮೊನ್ನೆಯಿಂದ ಹಾಡು ಉದ್ದ ಆಗಿದೆ ಅಂತ ನಾವೇ ಮಾತಾಡ್ಕೊಂಡ್ವಿ."

ಅಪ್ಪನ ಹೊಟ್ಟೆ ಕುಣಿಯತೊಡಗಿತು. ನಗುತ್ತಿದ್ದ. ಮೈಕು ಆಫ್ ಮಾಡಿರಲಿಲ್ಲ, ಎರಡೂ ಕಹಳೆಗಳು ಗಹಗಹಿಸಿ ನಕ್ಕವು.

"ಹಾಗಾದ್ರೆ ಇನ್ಯಾಕೆ ನಾಚಿಕೆ. ನಾನು ಹೊರಟೆ. ಬರೋರು ಗಾಡಿ ಹಿಂದೆ ಬನ್ನಿ," ಅಂದ.

ಊರಿಗೆ ಊರೇ ಏನೂ ಬರಲಿಲ್ಲ. ಬೆಂಚಿನಿಂದ ಮೂವರು ಎದ್ದರು, ತರಕಾರಿಯವನು ತಕ್ಕಡಿಯನ್ನು ಹೆಂಡತಿಯ ಕೈಗೆ ಕೊಟ್ಟು ಬಂದ, ಶಾಲೆಯ ತಿರುವಿನಲ್ಲಿ ಇನ್ನಿಬ್ಬರು ಎಲ್ಲಿಗೋ ಹೊರಟವರ ಹಾಗೆ ಸೇರಿಕೊಂಡರು. ಕ್ಷೌರಿಕ ಮಾತ್ರ ಗಿರಾಕಿ ಇದ್ದಾನೆ, ಇನ್ನೊಮ್ಮೆ ನೋಡೋಣ ಅಂತ ಉಳಿದ. ಮೊದಲು ಒಳಗೆ ಹೋದವನು ಅಪ್ಪ. ತೋಳಿಗೆ ಹತ್ತಿ ಒತ್ತಿಕೊಂಡು ಹೊರಬಂದು, ಒಂದು ಸಿರಿಂಜು ರಕ್ತ, ಒಂದು ಗಳಿಗೆ ಮುಜುಗರ, ಇಷ್ಟಕ್ಕಾ ಅಷ್ಟು ಹಾಡು ಹಾಕಿಸಿದ್ದು ಅಂತ ಸಾಲಿನಲ್ಲಿದ್ದವರಿಗೆಲ್ಲ ಕೇಳುವ ಹಾಗೆ ಹೇಳಿದ.

ರಕ್ತದಲ್ಲಿ ಪ್ರಾಸ್ಟೇಟ್ ಗ್ರಂಥಿಯ ಅಂಶ ಹೆಚ್ಚು ಬಂತು. ದೊಡ್ಡ ಆಸ್ಪತ್ರೆಯಲ್ಲಿ ಸ್ಕ್ಯಾನ್ ಆಯಿತು, ಗ್ರಂಥಿಯ ಚೂರು ತೆಗೆದು ಪರೀಕ್ಷೆ ಮಾಡಿದರು. ಇತ್ತು. ಆದರೆ ಡಾಕ್ಟರು ಚಿತ್ರದ ಮೇಲೆ ಬೆರಳಿಟ್ಟು, ಇದು ಇನ್ನೂ ಗ್ರಂಥಿಯ ಒಳಗೇ ಇದೆ, ಎಲ್ಲೂ ಹರಡಿಲ್ಲ, ಆಪರೇಷನ್ ಮಾಡಿದರೆ ವಾಸಿಯಾಗುವ ಭರವಸೆ ಚೆನ್ನಾಗಿದೆ, ಒಳ್ಳೆ ಹೊತ್ತಿಗೆ ಬಂದಿರಿ ಅಂದರು. ಅಪ್ಪ ಎಲ್ಲ ಕೇಳಿಸಿಕೊಂಡು ಒಂದೇ ಒಂದು ಪ್ರಶ್ನೆ ಕೇಳಿದ.

"ಗಂಟಲಿಗೇನೂ ಆಗಲ್ಲ ತಾನೇ ಡಾಕ್ಟ್ರೇ?"

ಆಪರೇಷನ್ ಆಗಿ ಸುಧಾರಿಸಿಕೊಳ್ಳಲು ತಿಂಗಳುಗಳೇ ಹಿಡಿದವು. ನಡುವೆ ಬೇಸರದ ದಿನಗಳಿದ್ದವು, ತಡೆಯಲಾಗದೆ ಬಟ್ಟೆ ಒದ್ದೆಯಾಗಿ ಮುಖ ಮುಚ್ಚಿಕೊಂಡು ಮಲಗಿದ ದಿನಗಳೂ ಇದ್ದವು. ಅದೂ ಮೆಲ್ಲಗೆ ಕಮ್ಮಿಯಾಗುತ್ತ ಬಂತು. ಕೊನೆಯ ರಕ್ತಪರೀಕ್ಷೆ ಚೆನ್ನಾಗಿ ಬಂದ ವಾರ ಗಾಡಿ ಮತ್ತೆ ಬೀದಿಗಿಳಿಯಿತು. ಛತ್ರಿ ಅಂಗಡಿಯ ಪ್ರಚಾರ. ಚೌಕ ದಾಟುವ ಮೊದಲು ಅಪ್ಪ ನಿಲ್ಲಿಸು ಅಂದ, ಅವಸರವಿಲ್ಲದೆ ಇಳಿದ, ಗೋಡೆಯ ಕಡೆ ಹೊರಟ. ಮಗನ ಬೆರಳು ಅಭ್ಯಾಸಬಲದಿಂದ ಗುಂಡಿಗೆ ಹೋಯಿತು.

"ಬೇಡ ಬಿಡು," ಅಂದ ಅಪ್ಪ ತಿರುಗದೆ.

ಮಗ ಇಂಜಿನ್ನನ್ನೂ ಆಫ್ ಮಾಡಿದ. ಬೀದಿ ಇಷ್ಟೊಂದು ನಿಶ್ಶಬ್ದವಾಗಿರುತ್ತದೆ ಅಂತ ಅವನಿಗೆ ಗೊತ್ತಿರಲಿಲ್ಲ. ಗೋಡೆಯ ಆಚೆಯಿಂದ, ಮೈಕಿಲ್ಲದೆಯೇ, ಅಪ್ಪನ ದನಿ ಚೌಕದ ಕ್ಷೌರದಂಗಡಿಗೆ ಮುಟ್ಟುವ ಹಾಗೆ ಎದ್ದಿತು.

"ಏನಯ್ಯಾ, ಆಸ್ಪತ್ರೆಗೆ ಹೋಗಿ ತೋರಿಸ್ಕೊಂಡು ಬಂದ್ಯಾ?"

ಕ್ಷೌರಿಕ ಅಂಗಡಿಯ ಬಾಗಿಲಿಗೆ ಬಂದು, ಹೆಗಲ ಮೇಲಿನ ಟವಲು ತೆಗೆದು ಕೊಡವಿ, ಗೂಟಕ್ಕೆ ನೇತುಹಾಕಿದ. ಚಪ್ಪಲಿ ಮೆಟ್ಟಿಕೊಂಡು ಗಾಡಿಯ ಹತ್ತಿರ ಬಂದವನು ಹಿಂದಿನ ಸೀಟಿನ ಅಂಚಿಗೆ ಕೂತ. ಮಗ ಸೀಟಿನ ಮೇಲಿದ್ದ ಮೈಕನ್ನು ಸರಿಸಿ ಅವನಿಗೆ ಇನ್ನಷ್ಟು ಜಾಗ ಮಾಡಿಕೊಟ್ಟ.