ಒಳಕ್ಕೆ ಮುಟ್ಟದ ಸುದ್ದಿ

“ಸ್ವಲ್ಪ ಎಡಕ್ಕೆ ಅಂತ ಅವನಿಗೆ ಹೇಳಪ್ಪಾ,” ಎಂದ ಮುಂದಿದ್ದ ಅಣ್ಣ.

“ಎಡಕ್ಕಂತೆ,” ಎಂದ ನಡುವೆ ಶವಪೆಟ್ಟಿಗೆಗೆ ಹೆಗಲು ಕೊಟ್ಟಿದ್ದ ವ್ಯಾನ್ ಡ್ರೈವರ್.

“ಎಡಕ್ಕೆ ಹೋದ್ರೆ ಗೋಡೆ ತಾಗುತ್ತೆ ಅಂತ ಹೇಳಿ,” ಎಂದ ಹಿಂದಿದ್ದ ಪುಟ್ಟ.

ಡ್ರೈವರ್ ಅದನ್ನೂ ಮುಟ್ಟಿಸಿದ. ಆಮೇಲೆ ಅನುಮಾನ ಬಂದು, “ಇಬ್ರಿಗೂ ಕಿವಿ ಕೇಳಿಸುತ್ತೆ ತಾನೇ?” ಎಂದ. ಪೆಟ್ಟಿಗೆ ಗೋಡೆಗೆ ತಾಗಿಯೇ ಒಳಗೆ ಹೋಯಿತು.

ಐವತ್ತೆರಡಾದರೂ ಮನೆಯವರಿಗೆ ಅವನು ಪುಟ್ಟನೇ. ಕಸುಬು ಬೀಗ ರಿಪೇರಿ. ಅಣ್ಣ ದರ್ಜಿ. ಹಾಸಿಗೆ ಹಿಡಿದ ಅಪ್ಪನನ್ನು ಯಾರು ನೋಡಿಕೊಳ್ಳಬೇಕೆಂದು ಜಗಳವಾಡಿ ಇಬ್ಬರೂ ಮಾತು ಬಿಟ್ಟು ಹನ್ನೊಂದು ವರ್ಷ. ಅಪ್ಪ ಹೋದರು, ಜಗಳ ಉಳಿಯಿತು. ಅಷ್ಟೂ ವರ್ಷ ಇವನ ಮಾತನ್ನು ಅವನಿಗೆ, ಅವನ ಮಾತನ್ನು ಇವನಿಗೆ ಮುಟ್ಟಿಸಿದವಳು ಇಬ್ಬರ ನಡುವೆ ಹುಟ್ಟಿದ ಅಕ್ಕ. ಈಗ ಅವಳೇ ಪೆಟ್ಟಿಗೆಯಲ್ಲಿದ್ದಳು.

ದಹನದ ಸರದಿಗೆ ಇನ್ನೂ ಅರ್ಧ ಗಂಟೆಯಿತ್ತು. ವಿದ್ಯುತ್ ಚಿತಾಗಾರದ ಹಜಾರದಲ್ಲಿ ಎರಡೇ ಬೆಂಚು. ಒಂದರಲ್ಲಿ ಅಣ್ಣ, ಇನ್ನೊಂದರಲ್ಲಿ ಪುಟ್ಟ. ಅಕ್ಕ ಇಪ್ಪತ್ತೆಂಟು ವರ್ಷ ಟೆಕ್ನಿಷಿಯನ್ ಆಗಿ ದುಡಿದ ಪ್ರಯೋಗಾಲಯದ ಮೇಡಂ ಅಣ್ಣನ ಪಕ್ಕ ಕೂತಿದ್ದರು. ಬೆಳಿಗ್ಗೆ ಅವನಿಗೆ ಸಾವಿನ ಸುದ್ದಿ ತಿಳಿಸಿದವರೂ ಅವರೇ.

“ಮೇಡಂ, ಕೊನೆಗೆ ನನ್ನ ತಂಗಿ ನನ್ನ ಬಗ್ಗೆ ಏನಾದ್ರೂ ಕೇಳಿದ್ಲಾ?” ಅಣ್ಣನ ದನಿ ಸಣ್ಣದಾಗಿತ್ತು. “ಇಷ್ಟು ಹುಷಾರಿಲ್ಲ ಅಂತ ಒಂದು ಮಾತು ಹೇಳಲಿಲ್ಲ. ನಾನೇನು ಅಷ್ಟು ಬೇಡವಾಗಿದ್ನಾ ಅವಳಿಗೆ?”

“ನಾನು ಅಲ್ಲಿರಲಿಲ್ಲ. ನಿಮ್ಮ ತಮ್ಮ ಇದ್ರಲ್ಲ, ಕೇಳಿ.”

ಅಣ್ಣ ತಲೆ ತಗ್ಗಿಸಿದ. ಅದು ಕೇಳಿಸಿದ ಪುಟ್ಟ ಗೋಡೆಯ ಕಡೆ ತಿರುಗಿದ.

*

ಅಕ್ಕ ಕೆಲಸ ಮಾಡುತ್ತಿದ್ದುದು ರೋಗದ ವಿರುದ್ಧ ಕಾದಾಡುವ ರಕ್ತಕಣಗಳ ಮೇಲೆ. ಅದೇನು ಕೆಲಸ ಎಂದು ಪುಟ್ಟ ಒಮ್ಮೆ ಅಡುಗೆಮನೆಯಲ್ಲಿ ಕೇಳಿದ್ದ.

“ಕಣದ ಬಾಗಿಲಲ್ಲಿ ಒಬ್ಬ ಕಾವಲುಗಾರ ಇರ್ತಾನೆ ಕಣೋ. ಶತ್ರು ಬಂದ ಅಂತ ಅವನಿಗೆ ಗೊತ್ತಾಗುತ್ತೆ. ಒಳಗೆ ಹೊಡೆದಾಡೋರೂ ಇರ್ತಾರೆ. ಆದ್ರೆ ಒಬ್ಬರ ಕೈ ಒಬ್ಬರಿಗೆ ಎಟುಕಲ್ಲ. ಅಡಾಪ್ಟರ್ ಅಂತ ಒಂದು ಪ್ರೋಟೀನ್ ನಡುವೆ ನಿಂತು ಎಲ್ಲರನ್ನೂ ಹಿಡ್ಕೊಂಡ್ರೇನೇ ಸುದ್ದಿ ಒಳಕ್ಕೆ ಹೋಗೋದು. ಅದು ತಾನಾಗಿ ಏನೂ ಮಾಡಲ್ಲ, ಹಿಡ್ಕೊಳ್ಳುತ್ತೆ ಅಷ್ಟೇ.”

“ಕಮಿಷನ್ ಇಲ್ಲದ ದಲ್ಲಾಳಿ ಅನ್ನು.”

“ಹೂಂ. ಕೆಲವು ಅಡಾಪ್ಟರ್‌ಗಳು ಸುದ್ದಿ ತಡೆಯೋದೂ ಉಂಟು. ಇಲ್ದಿದ್ರೆ ಕಣ ಸಿಟ್ಟಿಗೆದ್ದು ಸ್ವಂತ ಮೈಯನ್ನೇ ತಿನ್ನುತ್ತೆ.”

“ಅಡಾಪ್ಟರ್ ತೆಗೆದುಬಿಟ್ರೆ?”

“ನಾವು ತೆಗೆದೇ ನೋಡಿದೀವಿ. ಬಾಗಿಲಲ್ಲಿ ಎಷ್ಟು ಗದ್ದಲ ಆದ್ರೂ ಕಣ ಸುಮ್ನೆ ಕೂತಿರುತ್ತೆ. ಪಾಪ ಅನ್ಸುತ್ತೆ.”

ಅಣ್ಣ ಅಂದ ಎಷ್ಟು ಮಾತನ್ನು ಅವಳು ತನ್ನಲ್ಲೇ ನುಂಗಿಕೊಂಡಿದ್ದಳೋ ಪುಟ್ಟ ಕೇಳಲಿಲ್ಲ. ಅಣ್ಣನ ಬಗ್ಗೆ ತಾನಂದದ್ದನ್ನು ನೆನೆದರೆ ಅವನಿಗೇ ನಾಚಿಕೆಯಾಗುತ್ತಿತ್ತು.

ಮೊನ್ನೆ ಆಸ್ಪತ್ರೆಯಲ್ಲಿ ಅವಳು ಆಮ್ಲಜನಕದ ಮಾಸ್ಕ್ ಸರಿಸಿ, “ಅಣ್ಣನ್ನ ಕರೆಸೋ,” ಎಂದಳು. ಪುಟ್ಟ “ಹೂಂ” ಎಂದ. ಎಂದು, ಚಹಾ ಕುಡಿಯಲು ಹೋದ. ಕೆಟ್ಟ ಬುದ್ಧಿಯಿಂದಲ್ಲ. ಅಣ್ಣನಿಗೆ ಹೇಳುವುದು ಅಕ್ಕನ ಕೆಲಸ, ಅವಳೇ ಹೇಳುತ್ತಾಳೆ ಎಂದು ಹನ್ನೊಂದು ವರ್ಷದ ರೂಢಿ ಅವನ ತಲೆಯಲ್ಲಿ ಕೂತಿತ್ತು. ಅಣ್ಣನ ನಂಬರೂ ಅವನ ಬಳಿ ಇರಲಿಲ್ಲ.

ಮರುದಿನವೆಲ್ಲ ಹೆಜ್ಜೆ ಸಪ್ಪಳವಾದಾಗಲೆಲ್ಲ ಅವಳು ಬಾಗಿಲ ಕಡೆ ನೋಡಿದಳು. ನರ್ಸ್‌ಗಾಗಿ ಕಾಯುತ್ತಿದ್ದಾಳೆ ಎಂದುಕೊಂಡು ಪುಟ್ಟ ನರ್ಸನ್ನು ಮೂರು ಸಲ ಕರೆತಂದ. ಇವತ್ತು ಬೆಳಗ್ಗೆ ಉಸಿರು ನಿಂತ ಮೇಲಷ್ಟೇ ಅವನಿಗೆ ಅರ್ಥವಾದದ್ದು.

*

ಮೇಡಂ ನೀರು ಕುಡಿಯಲು ಎದ್ದಾಗ ಪುಟ್ಟ ಹಿಂದೆಯೇ ಹೋಗಿ ಎಲ್ಲವನ್ನೂ ಹೇಳಿಕೊಂಡ.

“ನೀವೇ ಅಣ್ಣನಿಗೆ ಹೇಳಿಬಿಡ್ತೀರಾ? ನಿಮ್ಮ ಕಾಲು ಹಿಡೀತೀನಿ.”

“ಇದನ್ನ ನಾನು ಹೇಳೋದಾ?” ಮೇಡಂ ಕಣ್ಣು ಒರೆಸಿಕೊಂಡರು. “ಎಂಟೇ ಹೆಜ್ಜೆ ಇದೆ. ಹೋಗಿ.”

ಪುಟ್ಟ ನಾಲ್ಕು ಹೆಜ್ಜೆ ಹೋಗಿ ನಿಂತ. ಎಂಥೆಂಥ ಬೀಗ ಬಿಚ್ಚಿದವನಿಗೆ ತನ್ನ ಬಾಯಿಯ ಬೀಗ ತೆರೆಯಲಾಗಲಿಲ್ಲ. ಒಳಗಿನಿಂದ ಸಿಬ್ಬಂದಿ ಬಂದು, “ನಿಮ್ಮದೇ ಮುಂದಿನದು, ಐದು ನಿಮಿಷ,” ಎಂದ.

ಪುಟ್ಟ ಮತ್ತೆ ತನ್ನ ಬೆಂಚಿಗೆ ಬಂದು ಕೂತ. ಆಸ್ಪತ್ರೆಯವರು ಕೊಟ್ಟ ಅಕ್ಕನ ಹಳೇ ಗುಂಡಿ ಫೋನು ಜೇಬಿನಲ್ಲಿತ್ತು. ತೆಗೆದು ನೋಡಿದ. ಕರೆಗಳ ಪಟ್ಟಿಯಲ್ಲಿ ಅಣ್ಣ, ಪುಟ್ಟ, ಅಣ್ಣ, ಪುಟ್ಟ, ಕೆಳಗಿಳಿದಷ್ಟೂ ಅಷ್ಟೇ. ಅವನ ಹೆಬ್ಬೆರಳು ‘ಅಣ್ಣ’ ಎಂಬುದನ್ನು ಒತ್ತಿತು.

ಎದುರು ಬೆಂಚಿನಲ್ಲಿ ಫೋನು ರಿಂಗಾಯಿತು. ಅಣ್ಣ ಕನ್ನಡಕ ಏರಿಸಿ ಪರದೆ ನೋಡಿದ. ತಲೆಯೆತ್ತಿ ಪೆಟ್ಟಿಗೆಯನ್ನು ನೋಡಿದ. ಆಮೇಲೆ ಪುಟ್ಟನ ಕೈಯನ್ನು ನೋಡಿದ. ರಿಂಗಾಗುತ್ತಲೇ ಇತ್ತು. ಕೊನೆಗೆ ಅದನ್ನು ಕಿವಿಗಿಟ್ಟುಕೊಂಡ.

“ಹೇಳು ತಂಗಿ,” ಎಂದ.

ಪುಟ್ಟ ಫೋನನ್ನು ಎರಡೂ ಕೈಯಲ್ಲಿ ಹಿಡಿದು ಬಾಯಿ ತೆರೆದ. ಆ ಮಾತು ಇನ್ನೂ ನಾಲಗೆಯ ಮೇಲಿರುವಾಗಲೇ ಸಿಬ್ಬಂದಿ ಪೆಟ್ಟಿಗೆಯನ್ನು ಒಳಕ್ಕೆ ತಳ್ಳಿಕೊಂಡು ಹೋದರು. ಇಬ್ಬರೂ ಫೋನು ಕಿವಿಗಿಟ್ಟುಕೊಂಡು, ಒಬ್ಬರ ಉಸಿರನ್ನು ಒಬ್ಬರು ಕೇಳುತ್ತ, ಹಾಗೇ ಕೂತಿದ್ದರು.