ಮಗ್ಗುಲು ಬದಲಿಸಿದಾಗ

ಸ್ಕ್ಯಾನಿಂಗ್ ಕೋಣೆಯ ಹೊರಗೆ ಕೂತಿದ್ದ ಪೇಂಟರ್ ಒಂದು ಎಡವಟ್ಟು ಮಾಡಿದ. ನೀರು ಕುಡಿದು ತಡೆದುಕೊಂಡಿರಿ ಎಂದು ಸಾರಿ ಸಾರಿ ಹೇಳಿದ್ದರೂ, ಒಳಗೆ ಮಂಚದ ಮೇಲೆ ಮಾನ ಹೋದರೆ ಗತಿಯೇನು ಎಂದು ಹೆದರಿ, ಯಾರಿಗೂ ಕಾಣದಂತೆ ಶೌಚಾಲಯಕ್ಕೆ ಹೋಗಿ ಹಗುರಾಗಿ ಬಂದುಬಿಟ್ಟ.

"ಮೂತ್ರಚೀಲ ಖಾಲಿ ಇದೆಯಲ್ಲಪ್ಪಾ," ಎಂದರು ಡಾಕ್ಟರಮ್ಮ. "ಗಾಳಿ ಹೋದ ಬಲೂನಿನ ಹಾಗೆ ಮುದುಡಿಕೊಂಡಿದೆ. ಮಡಿಕೆಯೊಳಗೆ ಏನಿದ್ರೂ ಕಾಣಲ್ಲ. ಹೊರಗೆ ಹೋಗಿ ಮತ್ತೆ ನೀರು ಕುಡೀರಿ."

ಹೊರಗೆ ಅಕ್ಕ ಸುಮ್ಮನೆ ಬಿಟ್ಟಾಳೆಯೇ?

"ಅಲ್ವೋ, ಹಗ್ಗದಲ್ಲಿ ನೇತಾಡ್ಕೊಂಡು ಮಹಡಿಗೆ ಬಣ್ಣ ಬಳಿಯೋನು, ಇಷ್ಟು ತಡ್ಕೊಳ್ಳೋಕಾಗ್ಲಿಲ್ವಾ?"

"ಅಲ್ಲಿ ಯಾರೂ ಹೊಟ್ಟೆ ಒತ್ತಲ್ಲ ಕಣಕ್ಕಾ."

"ಬಾಯ್ಮುಚ್ಕೊಂಡು ಕುಡಿ."

"ಬಾಯ್ಮುಚ್ಕೊಂಡು ಹೇಗೆ ಕುಡೀಲಿ?"

ಅಕ್ಕ ನಕ್ಕಳು. ಅವನಿಗೆ ನಗು ಬರಲಿಲ್ಲ. ಹೋದ ವಾರ ಮೂತ್ರದಲ್ಲಿ ರಕ್ತ ಕಂಡಿತ್ತು. ನೋವಿಲ್ಲ, ಉರಿಯಿಲ್ಲ, ಬರೀ ಕೆಂಪು. ಮೂತ್ರಚೀಲದಲ್ಲಿ ಗಡ್ಡೆ ಏನಾದರೂ ಇದೆಯೇ ನೋಡಲು ಇಲ್ಲಿಗೆ ಕಳಿಸಿದ್ದರು. ನೋವಾಗಿದ್ದರೆ ಇಷ್ಟು ಹೆದರುತ್ತಿರಲಿಲ್ಲವೇನೋ.

ಮತ್ತೆ ಕರೆದಾಗ ಅಕ್ಕನನ್ನೂ ಒಳಗೆ ಬಿಟ್ಟರು. ಕಿಬ್ಬೊಟ್ಟೆಯ ಮೇಲೆ ತಣ್ಣನೆಯ ಜೆಲ್ ಬಿತ್ತು, ಅದರ ಮೇಲೆ ಡಾಕ್ಟರಮ್ಮನ ಕೈಯ ಯಂತ್ರ ಜಾರಿತು. ಪರದೆಯಲ್ಲಿ ಬೂದು ದಡದ ನಡುವೆ ಒಂದು ಕಪ್ಪು ಕೆರೆ ತೆರೆದುಕೊಂಡಿತು.

"ಇದು ನನ್ನೊಳಗಿಂದಾ?"

"ನೀವು ಕುಡಿದ ನೀರೇ."

ಊರವರ ಗೋಡೆಗಳನ್ನೆಲ್ಲ ಇಂಚಿಂಚು ಬಲ್ಲವನು ತನ್ನ ಒಳಗೋಡೆಯನ್ನು ಕಂಡದ್ದು ಇದೇ ಮೊದಲು. ಅವನ ಕಣ್ಣು ತಾನಾಗಿಯೇ ದಡದ ಗುಂಟ ಹರಿಯಿತು, ಒಂದು ಕಡೆ ನಿಂತಿತು. ಅಲ್ಲಿ ದ್ರಾಕ್ಷಿಯಷ್ಟು ದೊಡ್ಡ ಉಬ್ಬು.

ಡಾಕ್ಟರಮ್ಮನ ಕೈಯೂ ಅಲ್ಲೇ ನಿಂತಿತ್ತು. "ಹೆಪ್ಪುಗಟ್ಟಿದ ರಕ್ತ ಇರಬಹುದು, ಗಡ್ಡೆಯೂ ಇರಬಹುದು. ಮಗ್ಗುಲು ಬದಲಿಸಿ. ಗೋಡೆಗೆ ಅಂಟದ ಹೆಪ್ಪಾದರೆ ಕೆಳಕ್ಕೆ ಜಾರುತ್ತೆ."

ಅವನು ಹೊರಳಿದ. ಜಾರು, ಜಾರು ಎಂದು ಮನಸ್ಸಿನಲ್ಲೇ ಅಂಗಲಾಚಿದ. ಕಪ್ಪು ಕೆರೆ ಸೊಟ್ಟಗಾಯಿತು. ಉಬ್ಬು ಕದಲಲಿಲ್ಲ.

ಡಾಕ್ಟರಮ್ಮ ಒಂದು ಗುಂಡಿ ಒತ್ತಿದರು. ಉಬ್ಬಿನ ಬುಡದಲ್ಲಿ ಕೆಂಪು ಚುಕ್ಕೆಯೊಂದು ಎದೆಬಡಿತದ ಲೆಕ್ಕಕ್ಕೆ ಮಿನುಗಿತು.

"ರಕ್ತ ಹರೀತಿದೆ. ಗಡ್ಡೆ ಅಂತಲೇ ಅನ್ಸುತ್ತೆ. ಎಂಥದ್ದು ಅಂತ ಈ ಯಂತ್ರ ಹೇಳಲ್ಲ. ಒಳಗೆ ಕ್ಯಾಮೆರಾ ಬಿಟ್ಟು ನೋಡಿ, ತೆಗೆದು, ಪರೀಕ್ಷೆಗೆ ಕಳಿಸ್ಬೇಕು."

ಅಕ್ಕ ಅವನ ಪಾದವನ್ನು ಗಟ್ಟಿಯಾಗಿ ಹಿಡಿದುಕೊಂಡಳು. "ಕಿಡ್ನಿಗೇನಾದ್ರೂ...?"

"ಕಿಡ್ನಿಯಿಂದ ಬರೋ ನಾಳದ ಬಾಯಿ ಪಕ್ಕದಲ್ಲೇ ಇದೆ. ಮುಚ್ಚಿದೆಯಾ ನೋಡೋಣ. ತೆರೆದಿದ್ರೆ ಅಲ್ಲಿಂದ ಮೂತ್ರ ಚಿಮ್ಮೋದು ಬಣ್ಣವಾಗಿ ಕಾಣುತ್ತೆ. ಅಂಗಾತ ಮಲಗಿ, ಅಲುಗಾಡಬೇಡಿ."

ಮೂವರೂ ಪರದೆಯನ್ನೇ ನೋಡುತ್ತ ಕಾದರು. ಆಚೆ ದಡದಿಂದ ಕಿತ್ತಳೆ ಬಣ್ಣದ ಕಾರಂಜಿಯೊಂದು ಫಕ್ಕನೆ ಚಿಮ್ಮಿ ಕತ್ತಲಲ್ಲಿ ಕರಗಿತು. ಅವನಿಗೆ ಮೈ ಝುಮ್ಮೆಂದಿತು. ಉಬ್ಬಿನ ಕಡೆ ಮಾತ್ರ ಏನೂ ಇಲ್ಲ. ಆಚೆಯದು ಇನ್ನೊಮ್ಮೆ ಚಿಮ್ಮಿತು. ಈಚೆ ಬರೀ ಕಪ್ಪು.

ಆಮೇಲೆ ಉಬ್ಬಿನ ಮಗ್ಗುಲಿಂದಲೇ, ಅದನ್ನು ಸವರಿಕೊಂಡಂತೆ, ಇನ್ನೊಂದು ಕಾರಂಜಿ ಓರೆಯಾಗಿ ಎದ್ದಿತು.

"ಬಂತು! ಬಂತು ಕಣೋ!" ಅಕ್ಕನ ದನಿ ಒಡೆಯಿತು.

"ದಾರಿ ತೆರೆದೇ ಇದೆ," ಎಂದರು ಡಾಕ್ಟರಮ್ಮ.

ಹುಟ್ಟಿದಾಗಿನಿಂದ, ಮಲಗಿದ್ದಾಗಲೂ, ಒಂದು ಮಾತೂ ಕೇಳದೆ ಇದು ತನ್ನೊಳಗೆ ಹೀಗೇ ಚಿಮ್ಮುತ್ತಿತ್ತು. ಅವನ ಕಣ್ಣು ಮಂಜಾಯಿತು.

"ಕ್ಯಾಮೆರಾ ಯಾವಾಗ ಹಾಕಿಸ್ಬೇಕು ಹೇಳಿ, ಬರ್ತೀನಿ," ಎಂದ. ಮತ್ತೆ, ತಗ್ಗಿದ ದನಿಯಲ್ಲಿ, "ಅದು ಇನ್ನೊಂದ್ಸಲ ಚಿಮ್ಮೋವರೆಗೂ ನೋಡ್ಬಹುದಾ?"